ಸೂರ್ಯನ ವಿಳಾಸ ಬರೆದವರು

ನಮ್ಮೂರಿನ ಈಶ್ವರ ದೇವಸ್ಥಾನದ ಪ್ರಾಕಾರದಲ್ಲಿ ಒಂದು ನವಗ್ರಹ ಕಟ್ಟೆ ಇತ್ತು. ನಡುವೆ ಸೂರ್ಯ, ಸುತ್ತ ಉಳಿದ ಎಂಟು ಮಂದಿ, ಒಬ್ಬರ ಮುಖ ಒಬ್ಬರು ನೋಡದ ಹಾಗೆ. ಶನಿವಾರ ಸಂಜೆ ಅಮ್ಮನ ಸೆರಗು ಹಿಡಿದುಕೊಂಡು ಒಂಬತ್ತು ಸುತ್ತು ಹಾಕುತ್ತಿದ್ದೆ. ಸೂರ್ಯ ಒಂದು ಗ್ರಹ ಎನ್ನುವುದರಲ್ಲಿ ಆಗ ನನಗೆ ಯಾವ ಅನುಮಾನವೂ ಇರಲಿಲ್ಲ. ಐದನೆಯ ತರಗತಿಗೆ ಬಂದ ಮೇಲೆ ಪಾಠದ ಪುಸ್ತಕ ಬೇರೆಯೇ ಹೇಳಿತು. ಸೂರ್ಯ ಗ್ರಹವಲ್ಲ, ಅದೊಂದು ನಕ್ಷತ್ರ. ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ಹೊಸ ಸುದ್ದಿಯನ್ನು ಅಮ್ಮನಿಗೆ ಒಪ್ಪಿಸಿದೆ. ಅಮ್ಮ ಮೊರ ಮುಂದಿಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು:

"ನಕ್ಷತ್ರ ಅಂದ್ರೆ ಯಾವ ನಕ್ಷತ್ರನೇ? ಅಶ್ವಿನಿಯಿಂದ ರೇವತಿವರೆಗೆ ಎಣಿಸು ನೋಡೋಣ. ಇಪ್ಪತ್ತೇಳರಲ್ಲಿ ಅವನ ಹೆಸರು ಎಲ್ಲಿದೆ?"

ನಾನು ನಕ್ಕುಬಿಟ್ಟೆ. ಓದು ಬಾರದ ಅಮ್ಮನಿಗೆ ಇದೆಲ್ಲ ಎಲ್ಲಿ ತಿಳಿಯಬೇಕು ಎಂದುಕೊಂಡೆ. ಆದರೆ ಅವಳ ಪ್ರಶ್ನೆಗೆ ನನ್ನಲ್ಲಿಯೂ ಉತ್ತರ ಇರಲಿಲ್ಲ, ನನ್ನ ಪುಸ್ತಕದಲ್ಲಿಯೂ ಇರಲಿಲ್ಲ. ಸೂರ್ಯ ನಕ್ಷತ್ರವೇನೋ ಸರಿ, ಎಂಥ ನಕ್ಷತ್ರ? ಆಕಾಶದ ಅಷ್ಟು ದೊಡ್ಡ ಬಳಗದಲ್ಲಿ ಅವನ ಸ್ಥಾನ ಯಾವುದು? ಅವನು ಯಾರ ಪೈಕಿ?

ಬಹಳ ವರ್ಷಗಳ ನಂತರ, ಲೈಬ್ರರಿಯಿಂದ ತಂದ ಖಗೋಳ ವಿಜ್ಞಾನದ ಪುಸ್ತಕವೊಂದರಲ್ಲಿ ಅಮ್ಮನ ಪ್ರಶ್ನೆಗೆ ಉತ್ತರ ಸಿಕ್ಕಿತು. ಸೂರ್ಯನ ಹೆಸರಿನ ಮುಂದೆ ಮೂರೇ ಮೂರು ಗುರುತುಗಳಿದ್ದವು. ಮೊದಲು ಇಂಗ್ಲಿಷಿನ 'ಜಿ' ಎಂಬ ಅಕ್ಷರ, ಅದರ ಪಕ್ಕದಲ್ಲಿ 2 ಎಂಬ ಅಂಕಿ, ಕೊನೆಗೆ ರೋಮನ್ ಲಿಪಿಯ ಐದು. ಅಷ್ಟೇ. ನಮ್ಮ ಮನೆಗಳಿಗೆ ಬೀದಿಯ ಹೆಸರು, ಮನೆ ನಂಬರು ಇರುವ ಹಾಗೆ, ಇದು ನಕ್ಷತ್ರಲೋಕದಲ್ಲಿ ಸೂರ್ಯನ ವಿಳಾಸ. ಈ ಮೂರು ಗುರುತುಗಳನ್ನು ಬರೆದವರು ಯಾರು ಎಂದು ಹುಡುಕುತ್ತ ಹೋದೆ. ಒಂದೊಂದು ಗುರುತಿನ ಹಿಂದೆಯೂ ಒಬ್ಬೊಬ್ಬ ಹೆಣ್ಣುಮಗಳು ಭೂತಗನ್ನಡಿ ಹಿಡಿದು ಕುಳಿತಿರುವುದನ್ನು ಕಂಡೆ. ಆ ಕತೆಯನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

*

ಕತೆ ಶುರುವಾಗುವುದು ಒಂದು ಗಾಜಿನ ತುಂಡಿನಿಂದ. ಬೆಳಕನ್ನು ಮೂರು ಮೂಲೆಯ ಗಾಜಿನ ಪಟ್ಟಕದ ಮೂಲಕ ಹಾಯಿಸಿದರೆ ಅದು ಕಾಮನಬಿಲ್ಲಿನ ಬಣ್ಣಗಳಾಗಿ ಬಿಚ್ಚಿಕೊಳ್ಳುತ್ತದೆ. ಇದಕ್ಕೆ ವರ್ಣಪಟಲ ಎಂದು ಹೆಸರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಯೋಸೆಫ್ ಫ್ರೌನ್‌ಹೋಫರ್ ಎಂಬಾತ ಸೂರ್ಯನ ವರ್ಣಪಟಲವನ್ನು ದೂರದರ್ಶಕದಿಂದ ಹತ್ತಿರಕ್ಕೆ ತಂದು ನೋಡಿದ. ಈತ ಹನ್ನೊಂದನೆಯ ವಯಸ್ಸಿಗೆ ತಬ್ಬಲಿಯಾಗಿ ಗಾಜಿನ ಕೆಲಸದವನ ಬಳಿ ಜೀತದ ಹಾಗೆ ದುಡಿದವನು. 1801ರಲ್ಲಿ ಯಜಮಾನನ ಮನೆ ಕುಸಿದು ಅವಶೇಷದಡಿ ಸಿಕ್ಕಿ ಬದುಕಿ ಬಂದವನು. ಅಂಥ ಹುಡುಗ ದೊಡ್ಡವನಾಗಿ 1814ರಲ್ಲಿ ಸೂರ್ಯನ ಬಣ್ಣದ ಪಟ್ಟಿಯ ತುಂಬ ಸಣ್ಣ ಸಣ್ಣ ಕಪ್ಪು ಗೆರೆಗಳಿರುವುದನ್ನು ಕಂಡು, ಐನೂರಕ್ಕೂ ಹೆಚ್ಚು ಗೆರೆಗಳನ್ನು ಎಣಿಸಿ ನಕ್ಷೆ ಬರೆದಿಟ್ಟ. ಅವು ಏಕಿವೆ ಎಂಬುದು ಆತನಿಗೂ ತಿಳಿಯಲಿಲ್ಲ.

ತಿಳಿದದ್ದು 1859ರಲ್ಲಿ, ಹೈಡೆಲ್‌ಬರ್ಗ್ ನಗರದ ಕಿರ್ಖಾಫ್ ಮತ್ತು ಬುನ್ಸೆನ್ ಎಂಬ ಇಬ್ಬರು ಗೆಳೆಯರಿಗೆ. ಒಲೆಯ ಮೇಲೆ ಉಪ್ಪುನೀರು ಉಕ್ಕಿ ಚೆಲ್ಲಿದಾಗ ಉರಿ ಫಕ್ಕನೆ ಹಳದಿಯಾಗುವುದನ್ನು ನಾವೆಲ್ಲ ನೋಡಿದ್ದೇವೆ. ಅದು ಉಪ್ಪಿನಲ್ಲಿರುವ ಸೋಡಿಯಂನ ಗುರುತು. ಆ ಹಳದಿ ಬೆಳಕು ಬಣ್ಣದ ಪಟ್ಟಿಯಲ್ಲಿ ಎಲ್ಲಿ ಬೀಳುತ್ತದೆಯೋ, ಸೂರ್ಯನ ಪಟ್ಟಿಯಲ್ಲಿ ಸರಿಯಾಗಿ ಅಲ್ಲೇ ಎರಡು ಕಪ್ಪು ಗೆರೆಗಳಿದ್ದವು. ಅಂದರೆ ಸೂರ್ಯನ ಮೈಯಲ್ಲೂ ಸೋಡಿಯಂ ಇದೆ, ಅದು ಆ ಬೆಳಕನ್ನು ತಡೆದು ನುಂಗುತ್ತಿದೆ. ಒಂದೊಂದು ಧಾತುವಿಗೂ ತನ್ನದೇ ಆದ ಗೆರೆಗಳ ಗುರುತು. ಸೀರೆಯ ಅಂಚು ನೋಡಿಯೇ ಇದು ಇಳಕಲ್, ಇದು ಮೊಳಕಾಲ್ಮೂರು ಎಂದು ನಾವು ಹೇಳುವುದಿಲ್ಲವೇ, ಹಾಗೆ. ನಕ್ಷತ್ರಗಳು ಯಾವುದರಿಂದ ಆಗಿವೆ ಎಂಬುದನ್ನು ಮನುಷ್ಯ ಎಂದೂ ತಿಳಿಯಲಾರ ಎಂದು ಫ್ರಾನ್ಸಿನ ತತ್ತ್ವಜ್ಞಾನಿ ಆಗಸ್ಟ್ ಕಾಂಟ್ 1835ರಲ್ಲಿ ಬರೆದಿದ್ದ. ಇಪ್ಪತ್ತನಾಲ್ಕೇ ವರ್ಷಗಳಲ್ಲಿ ಆ ಮಾತು ಸುಳ್ಳಾಯಿತು.

ಮುಂದಿನ ಹೆಜ್ಜೆ ಇಟ್ಟವನು ರೋಮ್‌ನ ಪಾದ್ರಿ ಆಂಜೆಲೊ ಸೆಕ್ಕಿ. 1860ರ ದಶಕದಲ್ಲಿ ಈತ ಸಾವಿರಾರು ನಕ್ಷತ್ರಗಳ ಬೆಳಕನ್ನು ಬಿಡಿಸಿ ನೋಡಿ ಅವನ್ನು ಕೆಲವೇ ಗುಂಪುಗಳಾಗಿ ಮಾಡಿದ. ಬಿಳಿ ನೀಲಿ ನಕ್ಷತ್ರಗಳದ್ದು ಒಂದು ಗುಂಪು, ಹಳದಿಯವುಗಳದ್ದು ಇನ್ನೊಂದು, ಕೆಂಪಿನವುಗಳದ್ದು ಮತ್ತೊಂದು. ಸೂರ್ಯನನ್ನು ಹಳದಿ ಗುಂಪಿನಲ್ಲಿ, ನಾವು ಬ್ರಹ್ಮಹೃದಯ ಎನ್ನುವ ನಕ್ಷತ್ರದ ಜೊತೆ ಕೂರಿಸಿದ. ಸೂರ್ಯನಿಗೆ ಜಾತಕ ಬರೆಯುವುದಕ್ಕೆ ಮೊದಲ ಅಕ್ಷರ ಬಿದ್ದದ್ದು ಹೀಗೆ. ಆದರೆ ಕಣ್ಣಳತೆಯ ಗುಂಪು ಸಾಲದು. ಒಬ್ಬನ ಸ್ಥಾನ ನಿಖರವಾಗಿ ತಿಳಿಯಬೇಕಾದರೆ ಇಡೀ ಊರನ್ನು ಮನೆ ಮನೆಯಾಗಿ ಎಣಿಸಬೇಕು. ಆಕಾಶದ ಅಂಥ ಜನಗಣತಿಗೆ ಯಾರಿಗೆ ಪುರುಸೊತ್ತಿತ್ತು?

*

ಇಲ್ಲಿಂದ ಕತೆ ಅಮೆರಿಕಕ್ಕೆ ಹೋಗುತ್ತದೆ. ನ್ಯೂಯಾರ್ಕಿನ ಹೆನ್ರಿ ಡ್ರೇಪರ್ ಎಂಬ ವೈದ್ಯನಿಗೆ ಆಕಾಶದ ಹುಚ್ಚು. ಹೆಂಡತಿ ಆನಾ ಆತನಿಗೆ ಸರಿಸಮಾನ ಜೊತೆಗಾತಿ. 1872ರಲ್ಲಿ ಆತ ನಮ್ಮ ಅಭಿಜಿತ್ ನಕ್ಷತ್ರದ ವರ್ಣಪಟಲದ ಫೋಟೋ ತೆಗೆದ. ಗೆರೆಗಳು ಕಾಣುವಂಥ ನಕ್ಷತ್ರದ ಫೋಟೋ ಅದೇ ಮೊದಲು. ಹತ್ತು ವರ್ಷಗಳ ಬಳಿಕ, ನಲವತ್ತೈದೇ ವಯಸ್ಸಿಗೆ ಆತ ತೀರಿಕೊಂಡ. ಗಂಡನ ಕೆಲಸ ನಡುವೆ ನಿಲ್ಲಬಾರದು ಎಂದು ಆನಾ 1886ರಿಂದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಹಣ ಕೊಡತೊಡಗಿದಳು. ವಿಧವೆಯೊಬ್ಬಳ ಆ ಹಣದಿಂದ ಆಕಾಶದ ಜನಗಣತಿ ಆರಂಭವಾಯಿತು.

ದೂರದರ್ಶಕದ ಮುಂದೆ ದೊಡ್ಡ ಪಟ್ಟಕ ಇಟ್ಟು ಗಾಜಿನ ಫಲಕದ ಮೇಲೆ ಫೋಟೋ ತೆಗೆದರೆ, ಒಂದೇ ಫಲಕದಲ್ಲಿ ನೂರಾರು ನಕ್ಷತ್ರಗಳ ಬೆಳಕಿನ ಪಟ್ಟಿ ಮೂಡುತ್ತದೆ. ಒಂದೊಂದೂ ಒಂದು ಸಣ್ಣ ಬೂದು ಗೀಟು, ಅದಕ್ಕೆ ಅಡ್ಡವಾಗಿ ಕೂದಲೆಳೆಯಂಥ ಗೆರೆಗಳು. ರಾತ್ರಿ ಫಲಕ ತೆಗೆಯುವ ಕೆಲಸ ಗಂಡಸರದು. ಹಗಲು ಅದನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಒಂದೊಂದು ಗೀಟಿನ ಗುಣ ಹೇಳುವ ಕೆಲಸ ಹೆಂಗಸರದು. ಒಬ್ಬಾಕೆ ನೋಡಿ ಹೇಳುವುದು, ಇನ್ನೊಬ್ಬಾಕೆ ಪುಸ್ತಕದಲ್ಲಿ ಬರೆದುಕೊಳ್ಳುವುದು. ವಾರಕ್ಕೆ ಆರು ದಿನ, ಗಂಟೆಗೆ 25 ಸೆಂಟಿನಷ್ಟು ಕೂಲಿ. ಯಂತ್ರದ ಕಂಪ್ಯೂಟರು ಬರುವ ಎಷ್ಟೋ ಮೊದಲು ಈ ಹೆಂಗಸರನ್ನು ಕಂಪ್ಯೂಟರ್ ಎಂದು ಕರೆಯುತ್ತಿದ್ದರು. ಲೆಕ್ಕ ಹಾಕುವವರು ಎಂದು ಅರ್ಥ. ನಿರ್ದೇಶಕ ಎಡ್ವರ್ಡ್ ಪಿಕರಿಂಗ್ ಹೆಂಗಸರನ್ನು ಸೇರಿಸಿಕೊಂಡದ್ದಕ್ಕೆ ಕಾರಣ ಗುಟ್ಟೇನೂ ಅಲ್ಲ. ಕಡಿಮೆ ಸಂಬಳಕ್ಕೆ ಹೆಚ್ಚು ಕೈಗಳು ಸಿಗುತ್ತಿದ್ದವು. ಅದು ತಾಳ್ಮೆಯ ಕೆಲಸ, ಬುದ್ಧಿಯ ಕೆಲಸವಲ್ಲ ಎಂದು ಲೋಕ ತಿಳಿದಿತ್ತು.

ಅಕ್ಕಿ ಆರಿಸುವುದೂ ಹಾಗೆಯೇ ಅಲ್ಲವೇ? ಕಲ್ಲು ಯಾವುದು, ನೆಲ್ಲು ಯಾವುದು, ನುಚ್ಚು ಯಾವುದು ಎಂದು ಒಂದೊಂದು ಕಾಳಿಗೂ ಕಣ್ಣು ಒಂದು ತೀರ್ಮಾನ ಮಾಡುತ್ತಿರುತ್ತದೆ. ಅದಕ್ಕೆ ಬುದ್ಧಿ ಎಂದು ಯಾರೂ ಹೆಸರಿಡುವುದಿಲ್ಲ.

*

ಈಗ ಮೊದಲ ಗುರುತು, 'ಜಿ' ಎಂಬ ಅಕ್ಷರ. ಅದನ್ನು ತಂದವಳು ವಿಲಿಯಮಿನಾ ಫ್ಲೆಮಿಂಗ್. 1857ರಲ್ಲಿ ಸ್ಕಾಟ್ಲೆಂಡಿನ ಡಂಡೀ ಎಂಬ ಊರಿನಲ್ಲಿ ಹುಟ್ಟಿದವಳು. ಮದುವೆಯಾಗಿ ಗಂಡನೊಂದಿಗೆ ಅಮೆರಿಕಕ್ಕೆ ಬಂದ ಸ್ವಲ್ಪ ಕಾಲದಲ್ಲೇ ಬಸುರಿ ಹೆಂಡತಿಯನ್ನು ಬಿಟ್ಟು ಗಂಡ ಹೊರಟುಹೋದ. ಹೊಟ್ಟೆಪಾಡಿಗೆ ಪಿಕರಿಂಗ್ ಮನೆಯಲ್ಲಿ ಕೆಲಸದಾಕೆಯಾಗಿ ಸೇರಿದಳು. ತನ್ನ ಕೈಕೆಳಗಿನ ಗಂಡಸರ ಕೆಲಸದಿಂದ ಬೇಸತ್ತ ಪಿಕರಿಂಗ್, ಇದಕ್ಕಿಂತ ನಮ್ಮ ಮನೆಕೆಲಸದವಳೇ ಚೆನ್ನಾಗಿ ಮಾಡುತ್ತಾಳೆ ಎಂದು ರೇಗಿದನೆಂದು ಒಂದು ಕತೆಯಿದೆ. ಕತೆ ಹೇಗೇ ಇರಲಿ, 1881ರಿಂದ ಆಕೆ ವೀಕ್ಷಣಾಲಯದ ಕಾಯಂ ನೌಕರಳಾದದ್ದು ನಿಜ.

ಸೆಕ್ಕಿಯ ಕೆಲವೇ ಗುಂಪುಗಳು ಆಕೆಗೆ ಸಾಲಲಿಲ್ಲ. ಗೆರೆಗಳನ್ನು ಸೂಕ್ಷ್ಮವಾಗಿ ನೋಡಿ ಇಂಗ್ಲಿಷ್ ಅಕ್ಷರಮಾಲೆಯ ಎ, ಬಿ, ಸಿ ಎಂದು ಹೆಸರಿಡುತ್ತ ಹೋದಳು. 1890ರಲ್ಲಿ ಹೊರಬಂದ ಪಟ್ಟಿಯಲ್ಲಿ 10,351 ನಕ್ಷತ್ರಗಳಿದ್ದವು. ಪಟ್ಟಿ ಪಿಕರಿಂಗ್ ಹೆಸರಿನಲ್ಲಿ ಬಂತು. ಕೆಲಸದ ಬಹುಪಾಲು ಫ್ಲೆಮಿಂಗಳದು ಎಂಬ ಮಾತು ಒಳಗೆ ಇತ್ತು. ಮುಂದೆ ಆಕೆ ಫಲಕಗಳ ಭಂಡಾರದ ಮೇಲ್ವಿಚಾರಕಿಯಾದಳು. ಹತ್ತಾರು ಹೆಂಗಸರು ಆಕೆಯ ಕೈಕೆಳಗೆ ದುಡಿದರು. 1900ರ ದಿನಚರಿಯಲ್ಲಿ ಆಕೆ ಬರೆದುಕೊಂಡದ್ದನ್ನು ಓದಿದರೆ ಮನಸ್ಸು ಭಾರವಾಗುತ್ತದೆ. ತನಗೆ ವರ್ಷಕ್ಕೆ 1,500 ಡಾಲರ್, ಅದೇ ಸಂಸ್ಥೆಯ ಗಂಡಸರಿಗೆ 2,500 ಡಾಲರ್. ಸಂಬಳ ಕೇಳಲು ಹೋದರೆ, ಹೆಂಗಸರಿಗೆ ಸಿಗುವ ಸಂಬಳದ ಮಟ್ಟಿಗೆ ಇದು ಬಹಳ ಒಳ್ಳೆಯದೇ ಎಂಬ ಉತ್ತರ. ತನಗೂ ಗಂಡಸರ ಹಾಗೆಯೇ ನಡೆಸಬೇಕಾದ ಮನೆ ಇದೆ, ಓದಿಸಬೇಕಾದ ಮಗ ಇದ್ದಾನೆ ಎಂಬುದು ಆತನಿಗೆ ಹೊಳೆಯುವುದೇ ಇಲ್ಲವೇ ಎಂಬುದು ಆಕೆಯ ಸಂಕಟ. ಆ ಮಗನಿಗೆ ಆಕೆ ಇಟ್ಟಿದ್ದ ಹೆಸರು ಎಡ್ವರ್ಡ್ ಪಿಕರಿಂಗ್. ಕೃತಜ್ಞತೆ ಮತ್ತು ನೋವು ಎರಡೂ ಒಂದೇ ಎದೆಯಲ್ಲಿ ಇರಬಲ್ಲವು.

*

ಎರಡನೆಯ ಗುರುತಿನ ಮೊದಲು ಮೂರನೆಯದರ ಬೀಜ ಬಿದ್ದದ್ದನ್ನು ಹೇಳಬೇಕು. 1888ರಲ್ಲಿ ಆಂಟೋನಿಯಾ ಮೌರಿ ಎಂಬ ಹುಡುಗಿ ಅಲ್ಲಿಗೆ ಬಂದಳು. ಹೆನ್ರಿ ಡ್ರೇಪರನ ತಂಗಿಯ ಮಗಳು, ಕಾಲೇಜು ಕಲಿತವಳು. ಮದುವೆಯಲ್ಲಿ ಹೊಸ ಜೋಡಿಗೆ ಅರುಂಧತಿ ತೋರಿಸುತ್ತಾರಲ್ಲ, ಅದರ ಪಕ್ಕದ ವಸಿಷ್ಠ ನಕ್ಷತ್ರದ ಗೆರೆಗಳು ಕೆಲವು ದಿನ ಒಂದಾಗಿ, ಕೆಲವು ದಿನ ಎರಡಾಗಿ ಕಾಣುವುದನ್ನು ಪಿಕರಿಂಗ್ ಗಮನಿಸಿದ್ದ. ಅಲ್ಲಿ ಇರುವುದು ಒಂದಲ್ಲ, ಒಂದನ್ನೊಂದು ಸುತ್ತುವ ಎರಡು ನಕ್ಷತ್ರಗಳು. ಆ ಸುತ್ತಿನ ಲೆಕ್ಕವನ್ನು ಬಿಡಿಸಲು ಒಪ್ಪಿಸಿದ್ದು ಮೌರಿಗೆ.

ಆದರೆ ಆಕೆ ಹೇಳಿದಷ್ಟು ಮಾಡಿ ಸುಮ್ಮನಿರುವವಳಲ್ಲ. ಗೆರೆ ಎಲ್ಲಿದೆ ಎಂಬುದಷ್ಟೇ ಅಲ್ಲ, ಅದು ಹೇಗಿದೆ ಎಂದೂ ನೋಡಿದಳು. ಒಂದೇ ಬಣ್ಣದ ಎರಡು ನಕ್ಷತ್ರಗಳಲ್ಲಿ ಒಂದರ ಗೆರೆ ಅಗಲ, ಮಸುಕು. ಇನ್ನೊಂದರದು ಸೂಜಿಯಿಂದ ಗೀರಿದಂತೆ ತೆಳ್ಳಗೆ, ಸ್ಪಷ್ಟ. ಇದಕ್ಕೆ ಏನೋ ಕಾರಣ ಇರಲೇಬೇಕು ಎಂದು ತೆಳುಗೆರೆಯವುಗಳಿಗೆ ಬೇರೆ ಗುರುತು ಹಾಕಿದಳು. ಪಿಕರಿಂಗ್‌ಗೆ ಇದು ಹಿಡಿಸಲಿಲ್ಲ. ಕೆಲಸ ನಿಧಾನ, ಪದ್ಧತಿ ತೊಡಕು ಎಂಬುದು ಆತನ ಆಕ್ಷೇಪ. ಮೌರಿ ಬೇಸತ್ತು ನಡುವೆ ಕೆಲಸ ಬಿಟ್ಟುಹೋದಳು. ಆಲೋಚನೆ ನನ್ನದು, ಅದಕ್ಕೆ ನನ್ನ ಹೆಸರೇ ಇರಬೇಕು ಎಂದು ಪಟ್ಟು ಹಿಡಿದಳು. 1897ರಲ್ಲಿ 681 ನಕ್ಷತ್ರಗಳ ಆಕೆಯ ಪಟ್ಟಿ ಅಚ್ಚಾದಾಗ ಮುಖಪುಟದಲ್ಲಿ ಆಕೆಯ ಹೆಸರಿತ್ತು. ಆ ವೀಕ್ಷಣಾಲಯದ ಪ್ರಕಟಣೆಗಳಲ್ಲಿ ಹೆಣ್ಣಿನ ಹೆಸರು ಹಾಗೆ ಬಂದದ್ದು ಅದೇ ಮೊದಲು.

ಆಕೆಯ ಗುರುತನ್ನು ಲೋಕ ಮರೆತೇಬಿಡುತ್ತಿತ್ತೇನೋ. ದೂರದ ಡೆನ್ಮಾರ್ಕಿನಲ್ಲಿ ಹರ್ಟ್ಸ್‌ಸ್ಪ್ರುಂಗ್ ಎಂಬ ವಿಜ್ಞಾನಿ ಅದನ್ನು ಓದಿದ. ತೆಳುಗೆರೆಯ ನಕ್ಷತ್ರಗಳೆಲ್ಲ ಅಗಾಧವಾಗಿ ಬೆಳಗುವ ದೈತ್ಯ ನಕ್ಷತ್ರಗಳೆಂದು 1905ರಲ್ಲಿ ತೋರಿಸಿದ. ದೈತ್ಯನ ಮೈ ಉಬ್ಬಿದ್ದು, ಹೊರಗಿನ ಅನಿಲ ವಿರಳ, ಒತ್ತಡ ಕಡಿಮೆ. ಹಾಗಾಗಿ ಗೆರೆ ತೆಳು. ಇದನ್ನು ಕಡೆಗಣಿಸುವುದೆಂದರೆ ತಿಮಿಂಗಿಲಕ್ಕೂ ಮೀನಿಗೂ ಇರುವ ವ್ಯತ್ಯಾಸ ಗೊತ್ತಾದ ಮೇಲೂ ಎರಡನ್ನೂ ಒಂದೇ ಬುಟ್ಟಿಗೆ ಹಾಕಿದಂತೆ ಎಂದು 1908ರಲ್ಲಿ ಪಿಕರಿಂಗ್‌ಗೆ ಪತ್ರ ಬರೆದ. ಪಿಕರಿಂಗ್ ಆಗಲೂ ಒಪ್ಪಲಿಲ್ಲ.

*

ಇನ್ನು ನಡುವಿನ ಗುರುತು, ಆ ಅಂಕಿ. ಅದು ಆನಿ ಜಂಪ್ ಕ್ಯಾನನ್ ಕೊಟ್ಟ ಪದ್ಧತಿ. 1863ರಲ್ಲಿ ಡೆಲವೇರ್ ರಾಜ್ಯದ ಡೋವರಿನಲ್ಲಿ ಹುಟ್ಟಿದವಳು. ಮಗಳನ್ನು ಮನೆಯ ಮಾಡಿನ ಮೇಲಕ್ಕೆ ಕರೆದೊಯ್ದು, ಹಳೆಯ ಪಠ್ಯಪುಸ್ತಕ ಹಿಡಿದು ನಕ್ಷತ್ರಗಳ ಹೆಸರು ಕಲಿಸಿದವಳು ಆಕೆಯ ತಾಯಿ. ಯೌವನದಲ್ಲೇ ಕ್ಯಾನನ್‌ಗೆ ಕಿವಿ ಬಹುಮಟ್ಟಿಗೆ ಕೇಳಿಸದಾಯಿತು. 1896ರಲ್ಲಿ ಹಾರ್ವರ್ಡ್ ಸೇರಿದಳು. ಸುತ್ತಲ ಮಾತು ಕೇಳಿಸದ ಆಕೆ ಫಲಕದ ಮುಂದೆ ಕುಳಿತರೆ ಲೋಕವನ್ನೇ ಮರೆಯುತ್ತಿದ್ದಳಂತೆ.

ಫ್ಲೆಮಿಂಗಳ ಅಕ್ಷರಗಳಲ್ಲಿ ಎಷ್ಟೋ ಅನಗತ್ಯವೆಂದು ಕ್ಯಾನನ್ ತೆಗೆದುಹಾಕಿದಳು. ಉಳಿದವನ್ನು ನಕ್ಷತ್ರಗಳ ಬಣ್ಣಕ್ಕೆ ತಕ್ಕಂತೆ, ನೀಲಿಯಿಂದ ಕೆಂಪಿನವರೆಗೆ ಒಂದು ಸಾಲಾಗಿ ಜೋಡಿಸಿದಳು. ಆ ಸಾಲು ಹೀಗೆ: ಓ, ಬಿ, ಎ, ಎಫ್, ಜಿ, ಕೆ, ಎಂ. ಅಕ್ಷರಮಾಲೆ ಹಿಂದುಮುಂದಾಯಿತು. ಆದರೆ ಸಾವಿರಾರು ನಕ್ಷತ್ರಗಳಿಗೆ ಆಗಲೇ ಹಳೆಯ ಅಕ್ಷರ ಬರೆದಾಗಿತ್ತು. ಹೆಸರು ಬದಲಿಸುವ ಬದಲು ಸಾಲನ್ನೇ ಬದಲಿಸಿದಳು. ಒಂದು ಅಕ್ಷರಕ್ಕೂ ಮುಂದಿನದಕ್ಕೂ ನಡುವೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಮೆಟ್ಟಿಲುಗಳನ್ನೂ ಇಟ್ಟಳು. ಸೂರ್ಯನ ವಿಳಾಸದಲ್ಲಿರುವ 2 ಅಂಥ ಒಂದು ಮೆಟ್ಟಿಲು.

1911ರಿಂದ 1915ರವರೆಗೆ ಆಕೆ ತಿಂಗಳಿಗೆ ಸುಮಾರು ಐದು ಸಾವಿರ ನಕ್ಷತ್ರಗಳಂತೆ ನೋಡಿ ವಿಂಗಡಿಸಿದಳು. ಕೈ ಪಳಗಿದ ಮೇಲೆ ನಿಮಿಷಕ್ಕೆ ಮೂರು. ಗೆರೆ ಅಳೆಯುವುದಿಲ್ಲ, ಲೆಕ್ಕ ಹಾಕುವುದಿಲ್ಲ. ಮುಖ ನೋಡಿ ಪರಿಚಯದವರ ಹೆಸರು ಹೇಳಿದಂತೆ ಹೇಳುತ್ತಿದ್ದಳು. ತಿಂಗಳುಗಳ ನಂತರ ಅದೇ ನಕ್ಷತ್ರವನ್ನು ಮತ್ತೆ ತೋರಿಸಿದರೂ ಅದೇ ಉತ್ತರ. 1918ರಿಂದ 1924ರವರೆಗೆ ಒಂಬತ್ತು ಸಂಪುಟಗಳಲ್ಲಿ ಪ್ರಕಟವಾದ ಪಟ್ಟಿಯಲ್ಲಿ 2,25,300 ನಕ್ಷತ್ರಗಳಿದ್ದವು. ಜೀವಮಾನದಲ್ಲಿ ಆಕೆ ವಿಂಗಡಿಸಿದ್ದು ಮೂರೂವರೆ ಲಕ್ಷದಷ್ಟು. 1922ರಲ್ಲಿ ಜಗತ್ತಿನ ಖಗೋಳ ವಿಜ್ಞಾನಿಗಳ ಒಕ್ಕೂಟ ಈ ಪದ್ಧತಿಯನ್ನು ಒಪ್ಪಿತು. 1925ರಲ್ಲಿ ಆಕ್ಸ್‌ಫರ್ಡ್ ಗೌರವ ಡಾಕ್ಟರೇಟ್ ಕೊಟ್ಟಿತು. ಆಕೆ ದುಡಿದ ಹಾರ್ವರ್ಡ್ ಮಾತ್ರ ಆಕೆಗೆ ಅಧಿಕೃತ ಹುದ್ದೆ ಕೊಟ್ಟದ್ದು 1938ರಲ್ಲಿ, ಆಕೆಗೆ ಎಪ್ಪತ್ತೈದು ತುಂಬುವ ವರ್ಷ.

*

ಸಾಲು ಸಿದ್ಧವಾಯಿತು. ಆದರೆ ಅದರ ಅರ್ಥವೇನು? ಒಂದು ನಕ್ಷತ್ರದಲ್ಲಿ ಜಲಜನಕದ ಗೆರೆ ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಕಬ್ಬಿಣದ, ಕ್ಯಾಲ್ಸಿಯಂನ ಗೆರೆ. ಹಾಗಾದರೆ ಒಂದೊಂದು ನಕ್ಷತ್ರವೂ ಒಂದೊಂದು ಬಗೆಯ ವಸ್ತುವಿನಿಂದ ಆಗಿದೆಯೇ?

ಇದಕ್ಕೆ ಬೀಗದ ಕೈ ಸಿಕ್ಕಿದ್ದು ನಮ್ಮ ದೇಶದಲ್ಲಿ. ಢಾಕಾ ಬಳಿಯ ಹಳ್ಳಿಯೊಂದರ ಬಡ ಅಂಗಡಿಕಾರನ ಮಗ ಮೇಘನಾದ ಸಹಾ ಅವರು 1920ರಲ್ಲಿ ಒಂದು ಸಮೀಕರಣ ಪ್ರಕಟಿಸಿದರು. ಬಿಸಿ ಏರಿದಂತೆ ಪರಮಾಣುಗಳು ಎಲೆಕ್ಟ್ರಾನು ಕಳೆದುಕೊಳ್ಳುತ್ತವೆ, ಕಳೆದುಕೊಂಡಂತೆ ಅವುಗಳ ಗೆರೆ ಬದಲಾಗುತ್ತದೆ. ಎಷ್ಟು ಬಿಸಿಗೆ ಯಾವ ಗೆರೆ ಎಂದು ಆ ಸಮೀಕರಣದಿಂದ ಲೆಕ್ಕ ಹಾಕಬಹುದು. ಅಂದರೆ ಗೆರೆ ಬೇರೆಯಾದ ಮಾತ್ರಕ್ಕೆ ವಸ್ತು ಬೇರೆ ಎಂದಲ್ಲ, ಬಿಸಿ ಬೇರೆ.

ಈ ಬೀಗದ ಕೈಯನ್ನು ಹಾರ್ವರ್ಡಿನ ಫಲಕಗಳ ಭಂಡಾರಕ್ಕೆ ಹಾಕಿ ತಿರುಗಿಸಿದವಳು ಸಿಸಿಲಿಯಾ ಪೇನ್. 1900ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಕೇಂಬ್ರಿಜ್‌ನಲ್ಲಿ ಓದಿದಳು. ಆಗ ಅಲ್ಲಿ ಹೆಣ್ಣುಮಕ್ಕಳು ಪರೀಕ್ಷೆ ಬರೆಯಬಹುದಿತ್ತು, ಪದವಿ ಸಿಗುತ್ತಿರಲಿಲ್ಲ. 1923ರಲ್ಲಿ ಹಡಗು ಹತ್ತಿ ಹಾರ್ವರ್ಡಿಗೆ ಬಂದಳು. ಕ್ಯಾನನ್ ಇನ್ನೂ ಅಲ್ಲೇ ಇದ್ದಳು. ಒಬ್ಬಾಕೆ ಜೀವಮಾನವೆಲ್ಲ ಆರಿಸಿಟ್ಟಿದ್ದನ್ನು ಇನ್ನೊಬ್ಬಾಕೆ ಓದತೊಡಗಿದಳು. ಸಹಾ ಸಮೀಕರಣವನ್ನು ಹಚ್ಚಿ ನೋಡಿದಾಗ, ಓ ಇಂದ ಎಂ ತನಕದ ಆ ಸಾಲು ಬಿಸಿಯ ಇಳಿಜಾರು ಎಂಬುದು ಖಚಿತವಾಯಿತು. ಓ ಎಂದರೆ ಮೂವತ್ತು ಸಾವಿರ ಡಿಗ್ರಿಗೂ ಮೇಲೆ, ಎಂ ಎಂದರೆ ಮೂರು ಸಾವಿರದ ಆಸುಪಾಸು. ವಸ್ತು ಮಾತ್ರ ಎಲ್ಲದರಲ್ಲೂ ಬಹುಪಾಲು ಒಂದೇ.

ಆ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬಂತು. ಸೂರ್ಯ ಭೂಮಿಯಂತೆಯೇ ಕಬ್ಬಿಣ ಮುಂತಾದವುಗಳಿಂದ ಆದದ್ದು ಎಂದು ಆಗಿನ ಪಂಡಿತರೆಲ್ಲ ನಂಬಿದ್ದರು. ಪೇನ್ ಲೆಕ್ಕದಲ್ಲಿ ಜಲಜನಕ ಲೋಹಗಳಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಹೆಚ್ಚು! ಆಕೆ ಪ್ರಬಂಧ ಬರೆದಳು. ಅದು ಆ ಕಾಲದ ದೊಡ್ಡ ವಿದ್ವಾಂಸ ಹೆನ್ರಿ ನಾರಿಸ್ ರಸೆಲ್ ಕೈಗೆ ಹೋಯಿತು. ಇದು ಸಾಧ್ಯವೇ ಇಲ್ಲ ಎಂದು ಆತ ಬರೆದ. ಇಪ್ಪತ್ತೈದರ ಹುಡುಗಿ ಏನು ಮಾಡಬೇಕು? 1925ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಆ ಅಂಕಿಗಳನ್ನು ಕೊಟ್ಟು, ಇವು ನಿಜವಲ್ಲ ಎಂಬುದು ಬಹುಮಟ್ಟಿಗೆ ಖಂಡಿತ ಎಂದು ತಾನೇ ಸೇರಿಸಿದಳು.

ಈ ಸಾಲು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ಮನೆ ಕುಳಿತುಬಿಟ್ಟೆ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಕಚೇರಿಯ ಲೆಕ್ಕಪುಸ್ತಕದಲ್ಲಿ ಒಂದು ವ್ಯತ್ಯಾಸ ಕಂಡುಹಿಡಿದು ಟಿಪ್ಪಣಿ ಬರೆದಿದ್ದೆ. ಮೇಲಿನವರು ಬೈಯಲಿಲ್ಲ. "ಹೀಗಿರಲಿಕ್ಕಿಲ್ಲಮ್ಮ, ಇನ್ನೊಮ್ಮೆ ನೋಡಿ" ಎಂದು ನಗುತ್ತಲೇ ಹೇಳಿದರು. ಮೂರು ಸಲ ನೋಡಿದೆ, ನನ್ನ ಲೆಕ್ಕ ಸರಿಯಾಗಿಯೇ ಇತ್ತು. ಆದರೂ ಟಿಪ್ಪಣಿಯ ಕೊನೆಗೆ, ಬಹುಶಃ ನನ್ನ ಎಣಿಕೆಯಲ್ಲೇ ತಪ್ಪಿರಬಹುದು ಎಂದು ನನ್ನ ಕೈಯಾರೆ ಬರೆದೆ. ಎರಡು ವರ್ಷದ ಮೇಲೆ ಆಡಿಟಿನವರು ಅದೇ ವ್ಯತ್ಯಾಸ ಕಂಡುಹಿಡಿದರು. ನನಗೆ ಈಗಲೂ ಚುಚ್ಚುವುದು ಅವರು ನಕ್ಕದ್ದಲ್ಲ, ನಾನು ಬರೆದ ಆ ಕೊನೆಯ ಸಾಲು.

ನಾಲ್ಕು ವರ್ಷಗಳ ಬಳಿಕ, 1929ರಲ್ಲಿ, ಅದೇ ರಸೆಲ್ ಬೇರೆ ದಾರಿಯಿಂದ ಅದೇ ತೀರ್ಮಾನಕ್ಕೆ ಬಂದ. ಲೇಖನದಲ್ಲಿ ಪೇನ್ ಹೆಸರು ಹೇಳಿದ ಎನ್ನುವುದೂ ನಿಜ. ಆದರೂ ಬಹುಕಾಲ ಅದು ಆತನ ಶೋಧವೆಂದೇ ಪ್ರಸಿದ್ಧವಾಯಿತು. ಸೂರ್ಯನ ತೂಕದಲ್ಲಿ ಮುಕ್ಕಾಲು ಪಾಲು ಜಲಜನಕ, ಉಳಿದದ್ದರಲ್ಲಿ ಬಹುತೇಕ ಹೀಲಿಯಂ, ಬೇರೆಲ್ಲ ಸೇರಿ ನೂರಕ್ಕೆ ಎರಡರಷ್ಟೂ ಇಲ್ಲ ಎಂಬುದು ಇಂದು ಶಾಲೆಯ ಪಾಠ. ಪೇನ್ ತನ್ನ ತಪ್ಪನ್ನು ಯಾರ ಮೇಲೂ ಹೊರಿಸಲಿಲ್ಲ. ಹಾರ್ವರ್ಡಿನಲ್ಲೇ ಉಳಿದಳು, ಮದುವೆಯಾಗಿ ಮೂರು ಮಕ್ಕಳನ್ನು ಬೆಳೆಸಿದಳು, ಆಕಾಶ ನೋಡುವುದನ್ನು ಬಿಡಲಿಲ್ಲ. ಆಕೆ ಪೂರ್ಣ ಪ್ರೊಫೆಸರಾದದ್ದು 1956ರಲ್ಲಿ.

*

ಕೊನೆಯ ಗುರುತು, ಆ ರೋಮನ್ ಐದು, ವಿಳಾಸಕ್ಕೆ ಸೇರಿದ್ದು 1943ರಲ್ಲಿ. ಯರ್ಕಿಸ್ ವೀಕ್ಷಣಾಲಯದ ಮಾರ್ಗನ್, ಕೀನನ್ ಮತ್ತು ಈಡಿತ್ ಕೆಲ್‌ಮನ್ ಎಂಬ ಮೂವರು ಹೊಸ ನಕ್ಷತ್ರಪಟಗಳ ಪುಸ್ತಕ ತಂದರು. ಬಿಸಿಯ ಮೆಟ್ಟಿಲಿನ ಜೊತೆಗೆ ನಕ್ಷತ್ರದ ಗಾತ್ರ ಮತ್ತು ಪ್ರಭೆಗೂ ಒಂದರಿಂದ ಐದರವರೆಗೆ ದರ್ಜೆ ಕೊಟ್ಟರು. ಒಂದು ಎಂದರೆ ಮಹಾದೈತ್ಯ, ಮೂರು ಎಂದರೆ ದೈತ್ಯ, ಐದು ಎಂದರೆ ಕುಬ್ಜ. ದೈತ್ಯರನ್ನು ಬೇರೆ ಮಾಡುವ ಉಪಾಯ ಗೆರೆಗಳ ರೂಪದಲ್ಲೇ ಇತ್ತು. ಅರ್ಧ ಶತಮಾನದ ಹಿಂದೆ ಮೌರಿ ಹಟ ಹಿಡಿದು ಬರೆದಿಟ್ಟ ಮಾತು ಕೊನೆಗೂ ಕೂಡಿಬಂತು. ಅದೇ 1943ರಲ್ಲಿ ಎಪ್ಪತ್ತೇಳರ ಮೌರಿಗೆ ಒಂದು ಪ್ರಶಸ್ತಿಯೂ ಬಂತು. ಅದು ಆನಿ ಕ್ಯಾನನ್ ಹೆಸರಿನ ಪ್ರಶಸ್ತಿ. ಕೆಲ್‌ಮನ್ ಹೆಸರು ಮಾತ್ರ 1953ರ ಪರಿಷ್ಕರಣೆಯಲ್ಲಿ ಬಿಟ್ಟುಹೋಯಿತು. ಇಂದು ಉಳಿದಿಬ್ಬರ ಮೊದಲಕ್ಷರದಿಂದಲೇ ಆ ಪದ್ಧತಿಯನ್ನು ಕರೆಯುತ್ತಾರೆ.

ಹಾಗಾದರೆ ನಮ್ಮ ಸೂರ್ಯ ಎಂಥ ನಕ್ಷತ್ರ? ಜಿ ಮನೆತನ, ಎರಡನೆಯ ಮೆಟ್ಟಿಲು, ಐದನೆಯ ದರ್ಜೆ. ಮೈಯ ಬಿಸಿ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಭೂಮಿಯಂಥ 109 ಗೋಲಗಳನ್ನು ಸಾಲಾಗಿ ಇಟ್ಟರೆ ಅವನ ಅಡ್ಡಗಲ. ಆದರೂ ಬಳಗದಲ್ಲಿ ಕುಬ್ಜ. ಕುಬ್ಜ ಎಂದಾಕ್ಷಣ ಬೇಸರ ಬೇಡ. ದೈತ್ಯರು ಮುಪ್ಪಿನಲ್ಲಿ ಉಬ್ಬಿದವರು. ಕುಬ್ಜ ಎಂದರೆ ತನ್ನ ಜಲಜನಕವನ್ನು ಹದವಾಗಿ ಉರಿಸುತ್ತ ನೆಮ್ಮದಿಯಿಂದ ಸಂಸಾರ ನಡೆಸುತ್ತಿರುವ ನಕ್ಷತ್ರ. ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ ವಯಸ್ಸು, ಇನ್ನೂ ಹೆಚ್ಚುಕಡಿಮೆ ಅಷ್ಟೇ ಆಯುಸ್ಸಿದೆ. ಅವನು ತೀರ ಸಾಮಾನ್ಯ ಎನ್ನುವುದೂ ಪೂರ್ತಿ ನಿಜವಲ್ಲ. ನಮ್ಮ ನೆರೆಯ ನಕ್ಷತ್ರಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಎಂ ಮನೆತನದ ಪುಟ್ಟ ಕೆಂಪು ಕುಬ್ಜಗಳು. ಅವುಗಳಲ್ಲಿ ಒಂದೂ ಬರಿಗಣ್ಣಿಗೆ ಕಾಣುವುದಿಲ್ಲ. ಅವುಗಳ ನಡುವೆ ಸೂರ್ಯ ಸಾಕಷ್ಟು ಪ್ರಕಾಶವಂತನೇ.

ಈ ಸಾಲನ್ನು ನೀವೂ ನೋಡಬಹುದು, ಯಾವ ಯಂತ್ರವೂ ಬೇಡ. ಬೇಸಿಗೆಯ ರಾತ್ರಿ ಮಹಡಿಯ ಮೇಲೆ ಚಾಪೆ ಹಾಸಿ ಮಲಗಿದಾಗ ನೋಡಿ. ಚಿತ್ರಾ ನೀಲಿಬಿಳುಪು, ಅದು ಬಿ. ಅಭಿಜಿತ್ ಬಿಳಿ, ಅದು ಎ. ಸ್ವಾತಿ ಕಿತ್ತಳೆ, ಅದು ಕೆ. ಜ್ಯೇಷ್ಠಾ ಕೆಂಪು, ಅದು ಎಂ. ಮೇ ತಿಂಗಳಲ್ಲಿ ರಾತ್ರಿ ಹತ್ತು ಹನ್ನೊಂದರ ಹೊತ್ತಿಗೆ ದಕ್ಷಿಣ ದಿಕ್ಕಿನ ಅಂಚಿನಲ್ಲಿ, ತೆಂಗಿನ ಮರಗಳ ಎತ್ತರದಲ್ಲಿ ಒಂದು ಉಜ್ವಲ ನಕ್ಷತ್ರ ಕಾಣುತ್ತದೆ. ಅದರ ಹೆಸರು ಆಲ್ಫಾ ಸೆಂಟೌರಿ, ನಮಗೆ ಸುಮಾರು 4.4 ಜ್ಯೋತಿರ್ವರ್ಷ ದೂರ. ಬರಿಗಣ್ಣಿಗೆ ಒಂದಾಗಿ ಕಾಣುವ ಅದು ನಿಜಕ್ಕೂ ಜೋಡಿ. ಅದರಲ್ಲಿ ದೊಡ್ಡದರ ವಿಳಾಸವೂ ಸೂರ್ಯನದೇ: ಜಿ, ಎರಡು, ಐದು. ನಮ್ಮ ಸೂರ್ಯನಿಗೆ ಅಷ್ಟು ಹತ್ತಿರದಲ್ಲೇ ಒಬ್ಬ ಅಣ್ಣನಿದ್ದಾನೆ.

ಆ ಗಾಜಿನ ಫಲಕಗಳು ಸುಮಾರು ಐದು ಲಕ್ಷ, ಇಂದಿಗೂ ಹಾರ್ವರ್ಡಿನಲ್ಲಿವೆ. ಅವುಗಳಲ್ಲಿ ಎಷ್ಟೋ ಫಲಕಗಳ ಗಾಜಿನ ಮೇಲೆ ಆ ಹೆಂಗಸರು ಶಾಯಿಯಲ್ಲಿ ಹಾಕಿದ ಗುರುತುಗಳಿದ್ದವು.

ಈ ಉತ್ತರ ನನಗೆ ಸಿಕ್ಕುವ ಹೊತ್ತಿಗೆ ಕೇಳಿದವಳು ಇರಲಿಲ್ಲ. ರಥಸಪ್ತಮಿಯ ದಿನ ಅಂಗಳದಲ್ಲಿ ಸೂರ್ಯನ ತೇರಿನ ರಂಗೋಲಿ ಬಿಡಿಸುತ್ತಿದ್ದ ಅಮ್ಮ ನನ್ನ ಮಾತು ಕೇಳಿದ್ದರೆ ಏನೆನ್ನುತ್ತಿದ್ದಳೋ. ಇಪ್ಪತ್ತೇಳರಲ್ಲಿ ಅವನ ಹೆಸರಿಲ್ಲ ಎಂದು ಅವಳು ಹೇಳಿದ್ದು ಸರಿಯೇ ಇತ್ತು. ಯಾವ ನಕ್ಷತ್ರ ಎಂದು ಕೇಳಿದ್ದು ಅದಕ್ಕಿಂತ ಸರಿ. ಅಂದು ನಾನು ನಗಬಾರದಾಗಿತ್ತು. ಅವಳ ಎದುರು ಕುಳಿತು, ಮೊರದ ಇನ್ನೊಂದು ತುದಿ ಹಿಡಿದು, ಗೊತ್ತಿಲ್ಲಮ್ಮ, ಹುಡುಕೋಣ ಎನ್ನಬೇಕಾಗಿತ್ತು.